ಮೊದಲ ವಿಮಾನ ನಿಧಾನಕ್ಕೆ ಹಾರಲಿ

ಆರ್‌ಸಿ ವಿಮಾನ, ಅಂದರೆ ನೆಲದಲ್ಲಿ ನಿಂತು ರೇಡಿಯೊ ಮೂಲಕ ನಡೆಸುವ ಪುಟ್ಟ ಮಾಡೆಲ್ ವಿಮಾನ, ಹಾರಿಸುವುದನ್ನು ಕಲಿಯಬೇಕು ಅಂತ ಬರುವವರು ಕೇಳುವ ಮೊದಲ ಪ್ರಶ್ನೆ ಹೆಚ್ಚೂಕಮ್ಮಿ ಒಂದೇ: ‘ಯಾವ ಪ್ಲೇನ್ ತಗೊಳ್ಳಲಿ?’ ಕೇಳುವಾಗಲೇ ಮೊಬೈಲಿನಲ್ಲಿ ಒಂದು ಫೋಟೊ ರೆಡಿ ಇರುತ್ತದೆ. ಯಲಹಂಕದ ಏರ್ ಶೋನಲ್ಲಿ ನೋಡಿದ ತೇಜಸ್ ಮಾಡೆಲ್, ಇಲ್ಲವೇ ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್. ಆ ಆಸೆ ನನಗೆ ಬಹಳ ಇಷ್ಟ. ಅದಿಲ್ಲದೆ ಯಾರೂ ಚಳಿಗಾಲದಲ್ಲಿ ಬೆಳಗಿನ ಜಾವಕ್ಕೆ ಎದ್ದು ಹೊಲಕ್ಕೆ ಬರುವುದಿಲ್ಲ. ಆದರೂ ಆ ಫೋಟೊ ಸದ್ಯಕ್ಕೆ ಪಕ್ಕಕ್ಕಿಡಿ ಅಂತಲೇ ಹೇಳುತ್ತೇನೆ. ಮೊದಲಿಗೆ ಬೇಕಾದದ್ದು ಒಂದು ಟ್ರೈನರ್, ಅಂದರೆ ಕಲಿಯುವವರಿಗೆಂದೇ ಮಾಡಿದ ವಿಮಾನ. ರೆಕ್ಕೆ ಮೈಯ ಮೇಲ್ಗಡೆ ಇರಬೇಕು, ಮೂತಿ ಮೊಂಡಾಗಿದ್ದರೂ ಸರಿ, ನೋಡೋಕೆ ಸಪ್ಪೆ ಅನ್ನಿಸಿದರೂ ಸರಿ. ನಿಧಾನಕ್ಕೆ ಹಾರಬೇಕು.

ಹೊಸಬರಿಗೆ ಅತಿ ಕಡಿಮೆ ಇರುವುದು ಸಮಯ. ವಿಮಾನ ಮೇಲಿರುವಾಗ ಯೋಚಿಸಲು ಸಿಗುವ ಸಮಯ. ವಿಮಾನ ಒಂದು ಕಡೆ ವಾಲಿದ್ದನ್ನು ಕಣ್ಣು ಗಮನಿಸಬೇಕು. ಅದು ನಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅಂತ ತಲೆ ತೀರ್ಮಾನಿಸಬೇಕು. ಆಮೇಲೆ ಹೆಬ್ಬೆರಳು ಸರಿಯಾದ ದಿಕ್ಕಿಗೆ ಸರಿಯಬೇಕು. ಅಭ್ಯಾಸ ಆದವರಿಗೆ ಇದೆಲ್ಲ ಗೊತ್ತೇ ಆಗದ ಹಾಗೆ ನಡೆದುಹೋಗುತ್ತದೆ. ಹೊಸಬರಿಗೆ ಒಂದೆರಡು ಸೆಕೆಂಡು ಬೇಕೇ ಬೇಕು. ಸೆಕೆಂಡಿಗೆ 20 ಮೀಟರ್ ಓಡುವ ವಿಮಾನ ಎರಡು ಸೆಕೆಂಡಿನಲ್ಲಿ 40 ಮೀಟರ್ ದಾಟಿರುತ್ತದೆ. ಸೆಕೆಂಡಿಗೆ 8 ಮೀಟರ್ ಹೋಗುವಂಥದ್ದು ಇನ್ನೂ 16 ಮೀಟರ್ ದೂರದಲ್ಲೇ ಇರುತ್ತದೆ. ಈ ಹವ್ಯಾಸದಲ್ಲಿ ಹಳಬರು ಹೇಳುವ ಬುದ್ಧಿಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಬಹುಪಾಲು ಎಲ್ಲವೂ ಆ ಎರಡು ಸೆಕೆಂಡು ಹೊಂದಿಸಿಕೊಡುವ ದಾರಿಗಳೇ.

ನಮ್ಮ ಕಡೆ ಗಾಳಿಪಟ ಬಿಡದೆ ಬೆಳೆದವರು ಕಮ್ಮಿ. ಪಟದಲ್ಲಿ ಮೇಲಿನ ಸಮಾಚಾರವೆಲ್ಲ ದಾರದ ಮೂಲಕ ಬೆರಳಿಗೆ ಬರುತ್ತದೆ. ಗಾಳಿ ಜೋರಾಯಿತಾ, ಪಟ ಗೋತಾ ಹೊಡೆಯುತ್ತಾ ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಆರ್‌ಸಿ ವಿಮಾನದಲ್ಲಿ ಆ ದಾರ ಇಲ್ಲ. ಕೈಯಲ್ಲಿರುವುದು ಅದಕ್ಕೆ ಆಜ್ಞೆ ಕಳಿಸುವ ಟ್ರಾನ್ಸ್‌ಮಿಟರ್ ಅನ್ನುವ ಪೆಟ್ಟಿಗೆ, ಅದರ ಮೇಲೆ ಹೆಬ್ಬೆರಳಿನಿಂದ ಆಡಿಸುವ ಎರಡು ಸ್ಟಿಕ್. ಟ್ರಾನ್ಸ್‌ಮಿಟರಿನ ಸ್ಟಿಕ್ ಹಿಂದೆ ಇರುವುದು ಒಂದು ಪುಟ್ಟ ಸ್ಪ್ರಿಂಗ್ ಅಷ್ಟೇ. ವಿಮಾನ ನೆಟ್ಟಗೆ ಹಾರುತ್ತಿದ್ದರೂ ಅದರ ಬಿಗಿ ಅಷ್ಟೇ, ನೆಲಕ್ಕೆ ನುಗ್ಗುತ್ತಿದ್ದರೂ ಅಷ್ಟೇ. ಸೀಟಿನಲ್ಲಿ ಕೂತ ಪೈಲಟ್‌ಗೆ ಮೈಯಿಂದಲೇ ಗೊತ್ತಾಗುವ ಸಂಗತಿಗಳು ಹೊಲದಲ್ಲಿ ನಿಂತವರಿಗೆ ತಲುಪುವುದೇ ಇಲ್ಲ. ಎಲ್ಲವೂ ಕಣ್ಣಿನಿಂದಲೇ ಬರಬೇಕು. ಮೋಟಾರಿನ ಸದ್ದು ಸ್ವಲ್ಪ ಸಹಾಯ ಮಾಡುತ್ತದೆ, ಅಷ್ಟೇ.

ಅದರ ಮೇಲೆ ಎಡ-ಬಲದ ತೊಡಕು ಬೇರೆ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡ ನಮ್ಮ ಎಡವೇ. ತಿರುಗಿ ನಮ್ಮ ಕಡೆ ಬಂದಾಗ ಅದರ ಎಡ ನಮ್ಮ ಬಲ ಆಗುತ್ತದೆ. ಓದಿದಾಗ ಇಷ್ಟೇನಾ ಅನ್ನಿಸುತ್ತದೆ. ವಿಮಾನ ಎದುರಿಗೆ ವಾಲುತ್ತಾ ಬರುವಾಗ ಕೈ ಮಾತು ಕೇಳುವುದಿಲ್ಲ. ಹೊಸಬರ ವಿಮಾನಗಳು ಬೀಳುವುದು ಹೆಚ್ಚಾಗಿ ಇಲ್ಲೇ. ಇದಕ್ಕೊಂದು ಹಳೇ ಉಪಾಯ ಇದೆ. ಎದುರಿಗೆ ಬರುವ ವಿಮಾನದ ಯಾವ ರೆಕ್ಕೆ ಕೆಳಕ್ಕೆ ಇಳಿದಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ. ಇಳಿದ ರೆಕ್ಕೆಗೆ ಕೆಳಗಿಂದ ಊರುಗೋಲು ಕೊಡುತ್ತಿದ್ದೇನೆ ಅಂದುಕೊಳ್ಳಿ. ‘ಅದರ ಎಡ ಯಾವುದು, ನನ್ನ ಎಡ ಯಾವುದು’ ಅನ್ನುವ ಲೆಕ್ಕವೇ ಬೇಡ. ವಿಮಾನ ಹೋಗುವ ದಿಕ್ಕಿಗೇ ಮೈ ತಿರುಗಿಸಿ ನಿಂತು, ಹೆಗಲ ಮೇಲಿಂದ ಕತ್ತು ಹೊರಳಿಸಿ ನೋಡುವವರೂ ಇದ್ದಾರೆ. ಅದೂ ಕೆಲಸ ಮಾಡುತ್ತದೆ.

ಇದನ್ನು ಮನೆಯಲ್ಲೇ ಪಳಗಿಸಿಕೊಳ್ಳಲು ಸಿಮ್ಯುಲೇಟರ್ ಇದೆ. ಪಿಕಾಸಿಮ್ ಅನ್ನುವುದು ಉಚಿತವಾಗಿ ಸಿಗುತ್ತದೆ, ಕಲಿಯಲು ಧಾರಾಳ ಸಾಕು. ಮೊಬೈಲ್ ತೆರೆಯ ಮೇಲೆ ಬೆರಳಾಡಿಸಿದರೆ ಉಪಯೋಗ ಕಮ್ಮಿ. ಮುಂದೆ ಹೊಲದಲ್ಲಿ ಹಿಡಿಯಲಿರುವ ಟ್ರಾನ್ಸ್‌ಮಿಟರನ್ನೇ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿ. ಹಾಗಾಗಿ ಮೊದಲು ಕೊಳ್ಳಬೇಕಾದದ್ದು ವಿಮಾನವಲ್ಲ, ರೇಡಿಯೊ, ಅಂದರೆ ಈ ಟ್ರಾನ್ಸ್‌ಮಿಟರ್ ಮತ್ತು ವಿಮಾನದೊಳಗೆ ಕೂರುವ ಅದರ ರಿಸೀವರ್. ಆರು ಚಾನೆಲ್‌ನ 2.4 ಗಿಗಾಹರ್ಟ್ಸ್ ಸೆಟ್ ಒಂದಿದ್ದರೆ ವರ್ಷಗಟ್ಟಲೆ ಬರುತ್ತದೆ. ವಿಮಾನದ ಒಂದೊಂದು ಭಾಗ ಆಡಿಸಲು ಒಂದೊಂದು ಚಾನೆಲ್. ಶುರುವಿನ ಖರ್ಚು ಒಟ್ಟು ಹತ್ತು ಸಾವಿರ ರೂಪಾಯಿ ಆಸುಪಾಸು ಅಂತಿಟ್ಟುಕೊಂಡರೆ, ಅದರಲ್ಲಿ ಅರ್ಧದಷ್ಟು ಈ ರೇಡಿಯೊಗೇ ಹೋಗುತ್ತದೆ. ಹೋಗಲಿ. ವಿಮಾನಗಳು ಬರುತ್ತವೆ, ಹೋಗುತ್ತವೆ, ರೇಡಿಯೊ ಉಳಿಯುತ್ತದೆ.

ಟ್ರೈನರ್ ಯಾಕೆ ಆ ಆಕಾರದಲ್ಲೇ ಇರುತ್ತದೆ ಅಂತ ಗೊತ್ತಾದರೆ ಅದರ ಮೇಲೆ ಗೌರವ ಬರುತ್ತದೆ. ಎದುರಿನಿಂದ ನೋಡಿದರೆ ಅದರ ರೆಕ್ಕೆಗಳ ತುದಿ ಸ್ವಲ್ಪ ಮೇಲಕ್ಕೆತ್ತಿರುತ್ತದೆ. ಡೈಹೆಡ್ರಲ್ ಅಂದರೆ ಇದೇ. ಗಾಳಿ ತಳ್ಳಿಯೋ, ಕಲಿಯುವವರ ಕೈ ಜಾರಿಯೋ ವಿಮಾನ ಎಡಕ್ಕೆ ವಾಲಿತು ಅಂತಿಟ್ಟುಕೊಳ್ಳಿ. ಆಗ ಅದು ಎಡಗಡೆಗೆ ಸ್ವಲ್ಪ ಜಾರುತ್ತದೆ. ಹಾಗೆ ಜಾರುವಾಗ ಕೆಳಗಿರುವ ಎಡ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ಬಡಿಯುತ್ತದೆ, ಬಲ ರೆಕ್ಕೆಗೆ ಕಮ್ಮಿ ಕೋನದಲ್ಲಿ. ಎಡ ರೆಕ್ಕೆಯ ಎತ್ತುವ ಬಲ ಜಾಸ್ತಿಯಾಗಿ ಅದು ಮೇಲೇಳುತ್ತದೆ. ವಿಮಾನ ಮತ್ತೆ ಸಮ ಆಗುತ್ತದೆ. ಸೆನ್ಸರ್ ಇಲ್ಲ, ಸಾಫ್ಟ್‌ವೇರ್ ಇಲ್ಲ. ರೆಕ್ಕೆ ಮಡಚಿದ ರೀತಿಯಿಂದಲೇ ಇಷ್ಟೆಲ್ಲ.

ಈ ಗುಣ ರೇಡಿಯೊಗಿಂತ ಹಳೆಯದು. ರೇಡಿಯೊ ಬರುವ ಮುಂಚೆ ಮಾಡೆಲ್ ವಿಮಾನಗಳನ್ನು ಕೈಯಿಂದ ಬಿಟ್ಟರೆ ಮುಗಿಯಿತು, ಅವು ತಾವಾಗಿಯೇ ಸಮತೋಲ ಕಾಯ್ದುಕೊಳ್ಳಬೇಕಿತ್ತು. 1937ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಅನ್ನುವ ಅವಳಿ ಸಹೋದರರು ‘ಗಫ್’ ಎಂಬ ತಮ್ಮ ಮಾಡೆಲ್‌ಗೆ ರೇಡಿಯೊ ಕೂರಿಸಿ ಹಾರಿಸಿದರು. ಆರ್‌ಸಿ ವಿಮಾನಗಳ ಮೂಲಪುರುಷ ಅಂತ ಅದನ್ನೇ ಕರೆಯಬಹುದು. ಈಗದು ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. 1950ರ ದಶಕದಲ್ಲೂ ಎಷ್ಟೋ ಜನರ ಟ್ರಾನ್ಸ್‌ಮಿಟರಿನಲ್ಲಿ ಇದ್ದದ್ದು ಒಂದೇ ಒಂದು ಗುಂಡಿ. ಒತ್ತಿದರೆ ರಡ್ಡರ್, ಅಂದರೆ ಬಾಲದಲ್ಲಿ ನೆಟ್ಟಗೆ ನಿಂತು ಎಡ-ಬಲಕ್ಕೆ ಆಡುವ ಪಟ್ಟಿ, ಒಂದು ಕಡೆ ತಿರುಗುತ್ತಿತ್ತು. ಬಿಟ್ಟರೆ ನೇರಕ್ಕೆ ಬರುತ್ತಿತ್ತು. ಮತ್ತೆ ಒತ್ತಿದರೆ ಇನ್ನೊಂದು ಕಡೆ. ಅದನ್ನು ತಿರುಗಿಸುತ್ತಿದ್ದದ್ದು ಹುರಿ ಹಾಕಿದ ರಬ್ಬರ್ ಬ್ಯಾಂಡು. ಹಾರುವ ಕೆಲಸ ವಿಮಾನದ್ದು, ಆಗಾಗ ದಾರಿ ತೋರಿಸುವುದಷ್ಟೇ ಮನುಷ್ಯನದ್ದು. ಹೊಸಬರು ಶುರು ಮಾಡಬೇಕಾದದ್ದೂ ಆ ಮನಸ್ಥಿತಿಯಿಂದಲೇ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ವಿಮಾನವನ್ನು ನೀವು ಎತ್ತಿ ಹಿಡಿದಿಲ್ಲ. ಅದು ಹಾರುತ್ತಿದೆ, ನೀವು ಆಗಾಗ ಒಂದು ಮಾತು ಹೇಳುತ್ತಿದ್ದೀರಿ.

ಆದ್ದರಿಂದ ಮೊದಲನೆಯದಕ್ಕೆ ಮೂರೇ ಚಾನೆಲ್ ಸಾಕು: ಮೋಟಾರಿನ ವೇಗಕ್ಕೆ ಥ್ರಾಟಲ್, ಮೂತಿ ಏರಿಸಿ ಇಳಿಸಲು ಎಲಿವೇಟರ್, ತಿರುಗಿಸಲು ರಡ್ಡರ್. ಡೈಹೆಡ್ರಲ್ ಇರುವ ರೆಕ್ಕೆ ಬರೀ ರಡ್ಡರಿನಿಂದಲೇ ಚೆನ್ನಾಗಿ ತಿರುಗುತ್ತದೆ. ಒಂದು ಸಣ್ಣ ಕಿವಿಮಾತು: ಆ ರಡ್ಡರನ್ನು ಬಲಗೈ ಸ್ಟಿಕ್ಕಿಗೆ, ಅಂದರೆ ಮುಂದೆ ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿದ್ದು ವಿಮಾನವನ್ನು ವಾಲಿಸುವ ಪಟ್ಟಿ) ಬರಲಿರುವ ಜಾಗಕ್ಕೆ, ಜೋಡಿಸಿಕೊಳ್ಳಿ. ಈಗ ಕಲಿತ ಕೈ ಆಗಲೂ ಹಾಗೇ ಮುಂದುವರಿಯುತ್ತದೆ. ವಾಲಿದ್ದನ್ನು ಗುರುತಿಸುವ ಗೈರೊ ಸೆನ್ಸರ್ ಇರುವ ರಿಸೀವರ್‌ಗಳು ಈಗ ಬಂದಿವೆ, ಅವು ವಿಮಾನವನ್ನು ತಾವೇ ಸಮ ಮಾಡುತ್ತವೆ. ತಪ್ಪೇನಿಲ್ಲ. ಆದರೆ ರೆಕ್ಕೆಯೇ ಆ ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರಿಗೆ ವಿಮಾನ ಯಾಕೆ ಹಾಗೆ ವರ್ತಿಸುತ್ತದೆ ಅಂತ ಅರ್ಥವಾಗುತ್ತದೆ. ನಾನಂತೂ ಗೈರೊ ಇಲ್ಲದೆಯೇ ಕಲಿಸುತ್ತೇನೆ.

ನಿಧಾನ ಹಾರಬೇಕು ಅಂದರೆ ಹಗುರ ಇರಬೇಕು. ಒಂದು ಲೆಕ್ಕ ನೋಡಿ. ರೆಕ್ಕೆ ತುದಿಯಿಂದ ತುದಿಗೆ 120 ಸೆಂ.ಮೀ., ಅಗಲ 20 ಸೆಂ.ಮೀ. ಇದ್ದರೆ ವಿಸ್ತೀರ್ಣ 24 ಚದರ ಡೆಸಿಮೀಟರ್. ಬ್ಯಾಟರಿ ಸೇರಿ ಒಟ್ಟು ತೂಕ 750 ಗ್ರಾಂ ಆದರೆ ಪ್ರತಿ ಚದರ ಡೆಸಿಮೀಟರ್ ಮೇಲೆ ಸುಮಾರು 31 ಗ್ರಾಂ ಹೊರೆ. ಇಂಥ ಪ್ಲೇನ್ ಗಂಟೆಗೆ 25 ಕಿ.ಮೀ. ಆಸುಪಾಸಿಗೆ ಇಳಿದರೂ ಗಾಳಿಯಲ್ಲಿ ನಿಲ್ಲುತ್ತದೆ. ಅದೇ ಪ್ಲೇನಿಗೆ ದೊಡ್ಡ ಬ್ಯಾಟರಿ, ಕ್ಯಾಮೆರಾ, ಎಲ್‌ಇಡಿ, ದಪ್ಪ ಬಣ್ಣ ಅಂತೆಲ್ಲ ಹೇರಿ 1,100 ಗ್ರಾಂ ಮಾಡಿ. ಈಗ ಅದೇ ರೆಕ್ಕೆಗೆ ಗಂಟೆಗೆ 30 ಕಿ.ಮೀ. ವೇಗ ಬೇಕು. ಐದು ಕಿಲೋಮೀಟರಿನ ವ್ಯತ್ಯಾಸ ತಾನೇ ಅನ್ನಬೇಡಿ. ನೆಲಕ್ಕೆ ಬಡಿಯುವಾಗ ಅದರಲ್ಲಿರುವ ಶಕ್ತಿ ಎರಡು ಪಟ್ಟಿಗೂ ಜಾಸ್ತಿ. ಒಂದು ಬಿರುಕಲ್ಲಿ ಮುಗಿಯುತ್ತಿದ್ದದ್ದು ಮೂತಿ ಪುಡಿಯಾಗುವಲ್ಲಿಗೆ ಹೋಗುತ್ತದೆ. ಇನ್ನೊಂದು ಮಾತು. ಬೆಂಗಳೂರು, ಕೋಲಾರದ ಕಡೆಯ ನಾವು ಸಮುದ್ರಮಟ್ಟದಿಂದ 800–900 ಮೀಟರ್ ಎತ್ತರದಲ್ಲಿದ್ದೇವೆ. ಮಂಗಳೂರಿನ ಗಾಳಿಗಿಂತ ನಮ್ಮ ಗಾಳಿ ಶೇ. 8ರಷ್ಟು ತೆಳು. ಹಾಗಾಗಿ ಹಗುರ ಇರಲೇಬೇಕಾದ ಗರಜು ನಮಗೆ ಇನ್ನೂ ಸ್ವಲ್ಪ ಜಾಸ್ತಿ.

ಹಗುರ ಮತ್ತು ನಿಧಾನ ಅಂದರೆ ಮಕ್ಕಳಾಟ ಅಂದುಕೊಳ್ಳುವವರಿಗೆ ಮಾಡೆಲ್ ವಿಮಾನ ಕಟ್ಟುತ್ತಿದ್ದ ಅಮೆರಿಕದ ಮೇನಾರ್ಡ್ ಹಿಲ್ ಅವರ ವಿಷಯ ಹೇಳಲೇಬೇಕು. 2003ರ ಆಗಸ್ಟ್‌ನಲ್ಲಿ ಅವರ ತಂಡ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಒಂದು ಮಾಡೆಲ್ ವಿಮಾನ ಬಿಟ್ಟಿತು. ಬಾಲ್ಸಾ ಮರದ್ದು. ಇಂಧನವೂ ಸೇರಿ ತೂಕ 5 ಕೆ.ಜಿ.ಯೊಳಗೆ. ತುಂಬಿಸಿದ ಇಂಧನ ನಾಲ್ಕು ಲೀಟರಿಗೂ ಕಮ್ಮಿ. ಅದು ಅಟ್ಲಾಂಟಿಕ್ ಸಾಗರದ ಮೇಲೆ ಸುಮಾರು 3,000 ಕಿ.ಮೀ. ಹಾರಿ, 38 ಗಂಟೆ 52 ನಿಮಿಷದ ಮೇಲೆ ಐರ್ಲೆಂಡಿನ ಕ್ಲಿಫ್‌ಡೆನ್ ಹತ್ತಿರ ಇಳಿಯಿತು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿ ಇಳಿದದ್ದೂ ಕ್ಲಿಫ್‌ಡೆನ್ ಹತ್ತಿರವೇ. ಹೊರಡುವಾಗ ಮತ್ತು ಇಳಿಯುವಾಗ ರೇಡಿಯೊ, ನಡುವೆ ಜಿಪಿಎಸ್ ಮತ್ತು ಆಟೊಪೈಲಟ್. ಹಿಲ್ ಅವರಿಗೆ ಆಗ 77 ವರ್ಷ. ಕಣ್ಣು ಬಹುತೇಕ ಕಾಣುತ್ತಿರಲಿಲ್ಲ, ಕಿವಿಯೂ ಮಂದ. ಮುಂಚಿನ ಪ್ರಯತ್ನಗಳು ಗುರಿ ಮುಟ್ಟಿರಲಿಲ್ಲ. ಕೈ ಮುಟ್ಟಿ ಮುಟ್ಟಿ ಕಟ್ಟಿದ ವಿಮಾನ ಅದು. ತೂಕದ ವಿಷಯದಲ್ಲಿ ಗ್ರಾಂ ಗ್ರಾಂಗೂ ಜಗ್ಗಾಡಿದ್ದರಿಂದಲೇ ಅದು ದಡ ಸೇರಿದ್ದು.

ಇನ್ನು, ಕೊಳ್ಳುವುದಾ ಕಟ್ಟುವುದಾ? ನನ್ನ ಉತ್ತರ: ಮೊದಲನೆಯದನ್ನು ಕಟ್ಟಿ. ಬಾಲ್ಸಾದಂಥ ಸಾಮಾನು ಇನ್ನೊಂದಿಲ್ಲ, ನಿಜ. ಆದರೆ ಅದು ಹೆಚ್ಚಾಗಿ ದೂರದ ಈಕ್ವೆಡಾರ್‌ನಲ್ಲಿ ಬೆಳೆಯುವ ಮರ, ದುಬಾರಿ. ಮುರಿದರೆ ಕೂಡಿಸಲು ನಾಜೂಕು ಬೇಕು. ಮೊದಲನೆಯದಕ್ಕೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ 5 ಮಿ.ಮೀ. ಫೋಮ್ ಬೋರ್ಡ್ ಸಾಕು. ಇಲ್ಲವೇ ಬೋರ್ಡು ಬರೆಯುವವರ ಹತ್ತಿರ ಸಿಗುವ ಕೋರೋಪ್ಲಾಸ್ಟ್ ಅನ್ನುವ ಟೊಳ್ಳು ಪ್ಲಾಸ್ಟಿಕ್ ಶೀಟು. ಅದು ಸ್ವಲ್ಪ ಭಾರ, ಆದರೆ ಹೊಡೆತ ತಡೆಯುತ್ತದೆ. ಮೋಟಾರು, ಅದರ ವೇಗ ಹತೋಟಿ ಮಾಡುವ ಇಎಸ್‌ಸಿ, ರಡ್ಡರ್ ಎಲಿವೇಟರ್‌ಗಳನ್ನು ತಿರುಗಿಸುವ ಪುಟ್ಟ ಸರ್ವೊ ಮೋಟಾರು ಎಲ್ಲ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುತ್ತವೆ, ಆನ್‌ಲೈನ್‌ನಲ್ಲೂ ತರಿಸಬಹುದು. ಈ ಅಳತೆಯ ಪ್ಲೇನಿಗೆ 2212 ಸೈಜಿನ 1000 ಕೆವಿ (ಇದು ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ) ಬ್ರಶ್‌ಲೆಸ್ ಮೋಟಾರು, 30 ಆಂಪಿಯರ್ ಇಎಸ್‌ಸಿ, ಮೂರು ಸೆಲ್‌ನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 9 ಗ್ರಾಂ ಸರ್ವೊ ಎರಡು.

ರಡ್ಡರಿನ ಕೀಲು ಮಾಡುವುದನ್ನು ನೋಡಿದರೆ ಇದರಲ್ಲಿ ಎಂಥಾ ಖುಷಿ ಇದೆ ಅಂತ ಗೊತ್ತಾಗುತ್ತದೆ. ಫೋಮ್ ಬೋರ್ಡಿನ ಎರಡೂ ಮುಖಕ್ಕೆ ಕಾಗದ ಅಂಟಿಸಿರುತ್ತಾರೆ. ಗೆರೆ ಎಳೆದು, ಹೊಸ ಬ್ಲೇಡಿನಲ್ಲಿ ಮೇಲಿನ ಕಾಗದ ಮತ್ತು ಫೋಮ್ ಮಾತ್ರ ಕೊಯ್ಯಬೇಕು. ಕೆಳಗಿನ ಕಾಗದಕ್ಕೆ ಬ್ಲೇಡ್ ತಾಗಬಾರದು. ಕೈಗೆ ಅದರ ಹದ ಬೇಗ ಸಿಗುತ್ತದೆ. ಫೋಮ್ ಕೊಯ್ಯುವಾಗ ಬ್ಲೇಡ್ ಮೆತ್ತಗೆ ಹೋಗುತ್ತದೆ, ಕಾಗದ ಬಂದ ತಕ್ಷಣ ಸ್ವಲ್ಪ ತಡೆಯುತ್ತದೆ, ಅಲ್ಲಿಗೆ ನಿಲ್ಲಿಸಿಬಿಡಿ. ಆಮೇಲೆ ಮಡಚಿ, ಒಂದು ಅಂಚನ್ನು 45 ಡಿಗ್ರಿಗೆ ಓರೆಯಾಗಿ ಕೆತ್ತಿ ತೆಗೆಯಿರಿ. ಉಳಿದ ಆ ಒಂದು ಪದರ ಕಾಗದವೇ ಕೀಲು. ಅದರ ಮೇಲೊಂದು ಟೇಪ್ ಎಳೆದರೆ ಗಟ್ಟಿ. ಸರ್ವೊದಿಂದ ರಡ್ಡರಿಗೆ ಹೋಗುವ ತಂತಿಗೆ ಸೈಕಲ್ ಸ್ಪೋಕ್ ಚೆನ್ನಾಗಿ ಆಗುತ್ತದೆ. ಹಳೇ ಎಟಿಎಂ ಕಾರ್ಡು ಕತ್ತರಿಸಿ ಹಾರ್ನ್, ಅಂದರೆ ಆ ತಂತಿ ಸಿಕ್ಕಿಸಲು ರಡ್ಡರಿಗೆ ಅಂಟಿಸುವ ಕೊಂಡಿ, ಮಾಡಿಕೊಳ್ಳಬಹುದು. ಅಂಟಿಗೆ ಗ್ಲೂ ಗನ್. ಥರ್ಮಾಕೋಲ್‌ಗೆ ಮಾತ್ರ ಫೆವಿಕ್ವಿಕ್ ಹಾಕಬೇಡಿ, ಕಣ್ಣೆದುರೇ ಕರಗಿಹೋಗುತ್ತದೆ. ರೆಕ್ಕೆಯನ್ನು ಮೈಗೆ ಅಂಟಿಸದೆ ರಬ್ಬರ್ ಬ್ಯಾಂಡಿನಲ್ಲಿ ಬಿಗಿಯಿರಿ. ಬಿದ್ದಾಗ ರೆಕ್ಕೆ ಮುರಿಯುವ ಬದಲು ಕಳಚಿಕೊಳ್ಳುತ್ತದೆ.

ಕಟ್ಟಿದವರಿಗೆ ಇನ್ನೊಂದು ಲಾಭ ಇದೆ. ಪ್ಲೇನ್ ಬಿದ್ದಾಗ ಎದೆ ಧಸಕ್ ಅನ್ನುವುದಿಲ್ಲ. ಎಲ್ಲಿ ಮುರಿದಿದೆ, ಎಷ್ಟು ಹೊತ್ತಿನ ಕೆಲಸ ಅಂತ ಹೊಲದಿಂದ ಎತ್ತಿಕೊಳ್ಳುವಾಗಲೇ ಕೈಗೆ ಗೊತ್ತಿರುತ್ತದೆ. ಸಂಜೆ ಗ್ಲೂ ಗನ್ ಬಿಸಿ ಮಾಡಿ ಕೂತರೆ ಮಾರನೇ ಬೆಳಗ್ಗೆ ಮತ್ತೆ ರೆಡಿ. ಡಬ್ಬದಿಂದ ತೆಗೆದ ದುಬಾರಿ ಪ್ಲೇನಿನಲ್ಲಿ ಕಲಿಯುವವರ ಕೈಯಲ್ಲಿ ಒಂದು ಹೆದರಿಕೆ ಇರುತ್ತದೆ. ಹೆದರಿದ ಕೈ ಬಿಗಿಯಾಗುತ್ತದೆ, ಬಿಗಿಯಾದ ಕೈ ಜಾಸ್ತಿ ತಿರುಗಿಸುತ್ತದೆ.

ಮುಗಿಸಿದ ಮೇಲೆ ತೂಕದ ಮಧ್ಯಬಿಂದು ನೋಡಲೇಬೇಕು. ಎಲ್ಲರೂ ಅದನ್ನು ಸಿ.ಜಿ. ಅಂತಲೇ ಕರೆಯುವುದು. ಬ್ಯಾಟರಿ ಒಳಗಿಟ್ಟು, ಎರಡೂ ತೋರುಬೆರಳನ್ನು ರೆಕ್ಕೆಯ ಕೆಳಗೆ, ಮುಂದಿನ ಅಂಚಿನಿಂದ 5 ರಿಂದ 6 ಸೆಂ.ಮೀ. ಹಿಂದೆ ಊರಿ ಎತ್ತಿ. ಮೂತಿ ಒಂದು ಚೂರು ಕೆಳಗೆ ಬಾಗಿ ನಿಂತರೆ ಸರಿ. ಬಾಲ ಇಳಿದರೆ ಬ್ಯಾಟರಿಯನ್ನು ಮುಂದಕ್ಕೆ ತಳ್ಳಿ. ಹಾರಿಸುವವರ ನಡುವೆ ಒಂದು ಗಾದೆಯೇ ಇದೆ: ಮೂತಿ ಭಾರದ ಪ್ಲೇನ್ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರದ್ದು ಒಂದೇ ಸಲ ಹಾರುತ್ತದೆ. ಬಾಲ ಭಾರ ಆದರೆ ಸ್ಟಿಕ್ ಸ್ವಲ್ಪ ಮುಟ್ಟಿದರೂ ವಿಮಾನ ಎದ್ದು ನಿಲ್ಲುತ್ತದೆ, ಯೋಚಿಸಲು ಪುರುಸೊತ್ತೇ ಇರುವುದಿಲ್ಲ. ಹಾಗೇ ರಡ್ಡರ್, ಎಲಿವೇಟರ್ ಸರಿಯಾದ ಕಡೆಗೆ ತಿರುಗುತ್ತಿವೆಯಾ ಅಂತ ಪ್ಲೇನಿನ ಹಿಂದೆ ನಿಂತು ಪ್ರತಿ ಸಲವೂ ನೋಡಿ.

ಬ್ಯಾಟರಿ ಮತ್ತು ಪ್ರಾಪ್ (ಮೂತಿಯಲ್ಲಿ ತಿರುಗುವ ಪ್ರೊಪೆಲ್ಲರ್) ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಇದರಲ್ಲಿ ರಾಜಿ ಇಲ್ಲ. ಮನೆಯಲ್ಲಿ ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಪ್ರಾಪ್ ಬಿಚ್ಚಿಟ್ಟಿರಬೇಕು. ಹತ್ತಿಂಚಿನ ಪ್ರಾಪ್ ಬೆರಳನ್ನು ಮೂಳೆವರೆಗೆ ಕೊಯ್ಯಬಲ್ಲದು. ಟ್ರಾನ್ಸ್‌ಮಿಟರ್ ಮೊದಲು ಆನ್, ಕೊನೆಗೆ ಆಫ್. ಲಿಪೊ ಚಾರ್ಜ್ ಹಾಕಿ ಮಲಗಬೇಡಿ, ಎದ್ದು ಹೊರಗೂ ಹೋಗಬೇಡಿ. ತುಂಬಿದ ಸೆಲ್ 4.2 ವೋಲ್ಟ್. ಹಾರಿಸದೆ ಇಡುವಾಗ ಸೆಲ್‌ಗೆ 3.8 ವೋಲ್ಟ್ ಆಸುಪಾಸಿನಲ್ಲಿ ಇಡಿ.

ಜಾಗ ಮತ್ತು ಕಾಲದ ಬಗ್ಗೆ ಮಾತ್ರ ನಿಧಾನವಾಗಿ ಮಾತಾಡಬೇಕು. ಆಷಾಢದಲ್ಲಿ ಶುರು ಮಾಡಬೇಡಿ. ಗಾಳಿಪಟಕ್ಕೆ ಹೇಳಿ ಮಾಡಿಸಿದ ಆ ಗಾಳಿ ಟ್ರೈನರಿಗೆ ಶತ್ರು. ಗಂಟೆಗೆ 25 ಕಿ.ಮೀ. ಹಾರುವ ಪ್ಲೇನು ಗಂಟೆಗೆ 20 ಕಿ.ಮೀ. ಗಾಳಿಗೆ ಎದುರಾಗಿ ಹೆಚ್ಚೂಕಮ್ಮಿ ನಿಂತಲ್ಲೇ ನಿಲ್ಲುತ್ತದೆ, ತಿರುಗಿಸಿದರೆ ಊರಾಚೆಗೆ ಹೋಗುತ್ತದೆ. ಕಾರ್ತಿಕದಿಂದ ಶಿವರಾತ್ರಿವರೆಗಿನ ಬೆಳಗ್ಗೆಗಳು ಕಲಿಯುವವರಿಗೆ ವರ. ಸೂರ್ಯ ಹುಟ್ಟಿ ಒಂದೆರಡು ತಾಸು ಎಲೆಯೂ ಅಲ್ಲಾಡುವುದಿಲ್ಲ. ನೆಲ ಕಾದ ಮೇಲೆ ಬಿಸಿ ಗಾಳಿ ಮೇಲೇಳತೊಡಗುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕಲು ಶುರು ಮಾಡಿದವು ಅಂದರೆ ಹೊಸಬರ ಬೆಳಗ್ಗೆ ಮುಗಿಯಿತು ಅಂತ ಲೆಕ್ಕ. ಹಳಬರ ಆಟ ಆಗ ಶುರು, ಅವರು ಅದೇ ಬಿಸಿ ಗಾಳಿ ಹಿಡಿದು ಗ್ಲೈಡರ್ ಏರಿಸುತ್ತಾರೆ.

ನಾವು ಕೋಲಾರದ ಕಡೆ ಹಾರಿಸುವುದು. ಮುಂಚೆ ಒಣಗಿದ ಕೆರೆ ಅಂಗಳಗಳೇ ನಮ್ಮ ರನ್‌ವೇ. 2018ರ ನಂತರ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣವಾಗಿ ಬಂದು ಒಂದೊಂದೇ ಕೆರೆ ತುಂಬುತ್ತಾ ಹೋಯಿತು. ಆ ನೀರಿನ ಗುಣದ ಬಗ್ಗೆ ಜಿಲ್ಲೆಯಲ್ಲಿ ಚರ್ಚೆ ಇದೆ, ಅದು ಬೇರೆಯೇ ವಿಷಯ. ನಮಗಂತೂ ಹಾರಿಸುವ ಜಾಗ ಹೋಯಿತು, ಕೊಕ್ಕರೆ ಬಂದವು. ಈಗ ರಾಗಿ ಕೊಯ್ದ ಹೊಲಗಳಿಗೆ ಬಂದಿದ್ದೇವೆ. ರೈತರನ್ನು ಕೇಳಿ, ಅವರು ಹೂಂ ಅಂದ ಮೇಲೆ, ಮುಂದಿನ ಉಳುಮೆವರೆಗೆ. ರಾಗಿ ಕೂಳೆಯ ಮೇಲೆ ಪ್ಲೇನು ಹೊಟ್ಟೆ ಊರಿ ಇಳಿದರೆ ಏನೂ ಆಗುವುದಿಲ್ಲ. ಚಕ್ರವೇ ಬೇಡ. ಕೈಯಿಂದ ಎಸೆದು ಹಾರಿಸಿ, ಕೂಳೆ ಮೇಲೆ ಇಳಿಸುತ್ತೇವೆ. ಚಕ್ರ ಇಲ್ಲದಿದ್ದರೆ ತೂಕವೂ ಉಳಿಯಿತು.

ಬೆಂಗಳೂರಿನವರು ಜಾಗ ಹುಡುಕುವ ಮುಂಚೆ ನಕ್ಷೆ ನೋಡಬೇಕು. ಎಚ್‌ಎಎಲ್, ಜಕ್ಕೂರು, ಯಲಹಂಕ ವಾಯುನೆಲೆ, ದೇವನಹಳ್ಳಿ, ಎಲ್ಲ ಸುತ್ತಲೂ ಇವೆ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ನಮ್ಮ ವಿಮಾನಗಳಿಗೂ ಅನ್ವಯಿಸುತ್ತವೆ. ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಿದ್ದಾರೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ತನಕ ಹಾರಿಸಬಹುದು. ವಿಮಾನ ನಿಲ್ದಾಣದ ಗಡಿಯಿಂದ 8–12 ಕಿ.ಮೀ. ನಡುವೆ ಇದ್ದರೆ 200 ಅಡಿವರೆಗೆ ಮಾತ್ರ. ಮೋಜಿಗಾಗಿ, ಕಲಿಕೆಗಾಗಿ, ಕಣ್ಣಳತೆಯಲ್ಲೇ ಹಾರಿಸುವ ಮಾಡೆಲ್‌ಗಳನ್ನು ಬೇರೆ ವರ್ಗವಾಗಿ ಗುರುತಿಸಿ, ಅವಕ್ಕೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಪಡೆಯುವ ತಾಂತ್ರಿಕ ಮಾನ್ಯತೆ) ಬೇಡ ಅಂದಿದ್ದಾರೆ. ಉಳಿದ ನಿಯಮಗಳನ್ನು ಒಮ್ಮೆ ಕೂತು ಓದಿ. ನಿಜವಾದ ವಿಮಾನದಲ್ಲಿ ಜನ ಕೂತಿರುತ್ತಾರೆ ಅನ್ನುವುದೊಂದು ನೆನಪಿದ್ದರೆ ಈ ನಿಯಮ ಹೊರೆ ಅನ್ನಿಸುವುದಿಲ್ಲ.

ಒಬ್ಬರೇ ಕಲಿಯಬಹುದು, ಕಲಿತವರಿದ್ದಾರೆ. ಆದರೆ ಪಕ್ಕದಲ್ಲಿ ಒಬ್ಬರು ನಿಂತರೆ ಆಗುವ ಅನುಕೂಲವೇ ಬೇರೆ. ನಮ್ಮಲ್ಲಿಗೆ ಒಂದೇ ಚಳಿಗಾಲದಲ್ಲಿ ಇಬ್ಬರು ಹೊಸಬರು ಬಂದರು. ಒಬ್ಬರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಇನ್ನೊಬ್ಬ ಒಂಬತ್ತನೇ ಕ್ಲಾಸಿನ ಹುಡುಗ. ಎರಡು ಟ್ರಾನ್ಸ್‌ಮಿಟರನ್ನು ಒಂದು ಟ್ರೈನರ್ ಕೇಬಲ್‌ನಿಂದ ಜೋಡಿಸುತ್ತೇವೆ. ನಾನು ಸ್ವಿಚ್ ಹಿಡಿದಿರುವಷ್ಟು ಹೊತ್ತು ವಿಮಾನ ಅವರದ್ದು. ಸ್ವಿಚ್ ಬಿಟ್ಟರೆ ನನ್ನದು.

ಹುಡುಗನ ಬೆರಳು ಚುರುಕು. ಮೊಬೈಲ್ ಗೇಮ್ ಆಡಿ ಪಳಗಿದ ಕೈ. ವಿಮಾನ ಅವನ ಕೈಗೆ ಹೋದದ್ದೇ ತಡ, ಮೇಲೆ ಕೆಳಗೆ, ಅತ್ತ ಇತ್ತ.

‘ಅಣ್ಣಾ, ನಾನೇನೂ ಮಾಡ್ತಿಲ್ಲ, ಅದೇ ಕುಣೀತಿದೆ!’

‘ಬಲಗೈ ಪೂರ್ತಿ ಬಿಡೋ.’

‘ಬಿದ್ದೋಗಲ್ವಾ?’

‘ಬಿಡು, ಬಿಟ್ಟು ನೋಡು.’

ಅವನು ಹೆಬ್ಬೆರಳು ಮೇಲೆತ್ತಿದ. ವಿಮಾನ ಒಂದೆರಡು ಸಲ ಮೂತಿ ಏರಿಸಿ ಇಳಿಸಿತು, ರೆಕ್ಕೆ ಒಂದು ಸಲ ಆ ಕಡೆ ಈ ಕಡೆ ತೂಗಿತು, ಆಮೇಲೆ ತನ್ನ ಪಾಡಿಗೆ ನೆಟ್ಟಗೆ ಹೊರಟಿತು. ಹುಡುಗ ನನ್ನ ಮುಖ ನೋಡಿದ. ‘ಮೇಲೆ ನೋಡೋ’ ಅಂದೆ. ‘ಈಗ ಬೆರಳ ತುದಿಯಲ್ಲಿ ಒಂಚೂರು ಎಡಕ್ಕೆ. ಸಾಕು. ಬಿಡು. ಏನಾಗತ್ತೆ ಅಂತ ಕಾಯಿ.’ ಆ ಕಾಯುವುದೇ ಅವನಿಗೆ ಕಷ್ಟ ಆದದ್ದು. ಸ್ಟಿಕ್ ತಳ್ಳಿದ ಕ್ಷಣಕ್ಕೇ ವಿಮಾನ ತಿರುಗಬೇಕು ಅಂತ ಅವನ ನಿರೀಕ್ಷೆ. ವಿಮಾನ ಮೊದಲು ವಾಲುತ್ತದೆ, ಆಮೇಲೆ ತಿರುಗುತ್ತದೆ. ನಡುವೆ ಒಂದು ಉಸಿರಿನಷ್ಟು ಅಂತರ. ಆ ಅಂತರದಲ್ಲಿ ಸುಮ್ನೆ ಇರುವುದನ್ನು ಅವನು ಕಲಿತ ದಿನ ಅವನ ಹಾರಾಟವೇ ಬೇರೆಯಾಯಿತು.

ಮೇಷ್ಟ್ರದ್ದು ಉಲ್ಟಾ. ಅವರು ಏನೂ ಮಾಡುವುದೇ ಇಲ್ಲ.

‘ಮೇಷ್ಟ್ರೇ, ತಿರುಗಿಸಿ, ಬೇಲಿ ದಾಟ್ತಿದೆ.’

‘ಇರಪ್ಪಾ, ಅದರ ಎಡ ಯಾವುದು ಅಂತ ನೋಡ್ತಾ ಇದೀನಿ.’

‘ನೋಡಿ, ಅವಸರ ಇಲ್ಲ. ಎತ್ತರ ಇದೆ.’

ಎತ್ತರ ಇದ್ದದ್ದರಿಂದ ನಿಜವಾಗಿಯೂ ಅವಸರ ಇರಲಿಲ್ಲ. ಎರಡು ತಪ್ಪು ಮಾಡುವಷ್ಟು ಎತ್ತರದಲ್ಲಿರಿ ಅಂತ ಹಾರಿಸುವವರು ಹೇಳುತ್ತಾರೆ. ಮೊದಲನೇ ತಪ್ಪಿಗೆ ಒಂದಷ್ಟು ಎತ್ತರ ಹೋಗುತ್ತದೆ, ಗಾಬರಿಯಲ್ಲಿ ಮಾಡುವ ಎರಡನೇ ತಪ್ಪಿಗೆ ಇನ್ನೊಂದಷ್ಟು, ಆಮೇಲೂ ಸುಧಾರಿಸಿಕೊಳ್ಳಲು ಜಾಗ ಉಳಿದಿರಬೇಕು. ಹಾಗಂತ ಅತಿ ಎತ್ತರವೂ ಬೇಡ. 120 ಮೀಟರ್ ದೂರದಲ್ಲಿ ನಮ್ಮ 120 ಸೆಂ.ಮೀ. ರೆಕ್ಕೆ ಕಣ್ಣಿಗೆ ಕಾಣುವ ಅಗಲ ಹುಣ್ಣಿಮೆ ಚಂದ್ರನಷ್ಟೇ. ವಾಲಿದ್ದು ಯಾವ ಕಡೆ ಅಂತ ಹೊಸ ಕಣ್ಣಿಗೆ ಅಲ್ಲಿ ತಿಳಿಯುವುದಿಲ್ಲ. 50–60 ಮೀಟರ್ ಒಳ್ಳೇ ಎತ್ತರ. ರೆಕ್ಕೆಯ ಮೇಲ್ಮೈಗೆ ಹಳದಿ ಟೇಪು, ಕೆಳಮೈಗೆ ದಪ್ಪ ಕಪ್ಪು ಪಟ್ಟೆ ಅಂಟಿಸಿದರೆ ಇನ್ನೂ ಅನುಕೂಲ. ಮೇಷ್ಟ್ರು ತಮ್ಮ ಪ್ಲೇನಿನ ಎಡ ರೆಕ್ಕೆಗೆ ಮಾತ್ರ ಕೆಂಪು ಸುತ್ತಿಕೊಂಡು ಬಂದರು. ಬಹಳ ಒಳ್ಳೇ ಯೋಚನೆ ಅದು. ಈಗ ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತೇವೆ.

ಇಳಿಸುವುದು ಮೇಷ್ಟ್ರಿಗೇ ಮೊದಲು ಬಂತು. ಅದಕ್ಕೆ ಕಾರಣ ಇದೆ. ನೆಲದ ಹತ್ತಿರ ಎತ್ತರ ಇಲ್ಲ, ವೇಗವೂ ಕಮ್ಮಿ. ಕೊಂಡಿಟ್ಟುಕೊಂಡ ಸಮಯವೆಲ್ಲ ಅಲ್ಲಿ ಖರ್ಚಾಗಿರುತ್ತದೆ. ಪ್ಲೇನು ಕೆಳಗಿಳಿಯುತ್ತಿದೆ ಅಂತ ಗಾಬರಿಯಾಗಿ ಎಲಿವೇಟರ್ ಎಳೆದರೆ ಮೂತಿ ಏರುತ್ತದೆ, ವೇಗ ಇನ್ನೂ ಇಳಿಯುತ್ತದೆ, ರೆಕ್ಕೆಯ ಮೇಲಿನ ಗಾಳಿ ಕಿತ್ತುಕೊಂಡು ಸ್ಟಾಲ್ ಆಗುತ್ತದೆ. ಒಂದು ರೆಕ್ಕೆ ದಬ್ಬನೆ ಬೀಳುತ್ತದೆ. ಹುಡುಗನ ಚುರುಕು ಬೆರಳು ಅಲ್ಲಿ ಅವನಿಗೇ ತೊಡಕಾಯಿತು. ಮೇಷ್ಟ್ರು ಗಾಳಿಗೆ ಎದುರಾಗಿ ದೂರದಿಂದಲೇ ಪ್ಲೇನನ್ನು ನೇರ ಮಾಡಿಕೊಂಡರು. ಥ್ರಾಟಲ್ ಸ್ವಲ್ಪ ಸ್ವಲ್ಪವೇ ಇಳಿಸಿದರು. ಮೂತಿ ಒಂಚೂರು ಕೆಳಗೇ ಇತ್ತು, ಅದನ್ನು ಹಾಗೇ ಬಿಟ್ಟರು. ಮೊಣಕಾಲೆತ್ತರಕ್ಕೆ ಬಂದಾಗ ಮಾತ್ರ ಎಲಿವೇಟರನ್ನು ಮೆಲ್ಲಗೆ ಹಿಂದಕ್ಕೆ. ಕೂಳೆ ಸರಸರ ಅಂದಿತು. ಪ್ಲೇನು ಸ್ವಲ್ಪ ದೂರ ಜಾರಿ ನಿಂತಿತು. ಅವರು ಟ್ರಾನ್ಸ್‌ಮಿಟರನ್ನು ಹುಡುಗನ ಕೈಗೆ ಕೊಟ್ಟು, ನಡೆದುಕೊಂಡು ಹೋಗಿ, ಬ್ಯಾಟರಿ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು.

ಇಷ್ಟು ಕೈಗೆ ಬಂದ ಮೇಲೆ ಏಲೆರಾನ್ ಇರುವ ಎರಡನೇ ರೆಕ್ಕೆ ಕಟ್ಟಬಹುದು. ಮೈ ಅದೇ ಇರಲಿ. ಮೋಟಾರು, ರೇಡಿಯೊ, ಬ್ಯಾಟರಿ ಎಲ್ಲ ಅದೇ. ಡೈಹೆಡ್ರಲ್ ಸ್ವಲ್ಪ ಕಮ್ಮಿ ಮಾಡಿ, ರೆಕ್ಕೆಯಲ್ಲಿ ಎರಡು ಸರ್ವೊ ಕೂರಿಸಿ. ರಬ್ಬರ್ ಬ್ಯಾಂಡ್ ಬಿಚ್ಚಿ ರೆಕ್ಕೆ ಬದಲಾಯಿಸಿದರೆ ಹೊಸ ವಿಮಾನ. ಮೇಷ್ಟ್ರು ಈಗ ಅದನ್ನೇ ಕಟ್ಟುತ್ತಿದ್ದಾರೆ, ತೂಕ 800 ಗ್ರಾಂ ದಾಟಬಾರದು ಅಂತ ಅಡುಗೆಮನೆ ತಕ್ಕಡಿ ಪಕ್ಕದಲ್ಲೇ ಇಟ್ಟುಕೊಂಡು. ಹುಡುಗ ಪರೀಕ್ಷೆ ಮುಗಿಸಿಕೊಂಡೇ ಬರಲಿ ಅಂತ ಅವನ ಅಮ್ಮ ಹೇಳಿದ್ದಾರೆ. ಅಲ್ಲಿಯವರೆಗೆ ಅವನ ಬ್ಯಾಟರಿ ಸೆಲ್‌ಗೆ 3.8 ವೋಲ್ಟಿನಲ್ಲಿ ನಮ್ಮ ಮನೆಯಲ್ಲಿದೆ.